ಇಳಿಸುವ ಜಾಗದಿಂದ ಲೆಕ್ಕ ಶುರುವಾಗಲಿ: ರಕ್ಷಣಾ ಸಚಿವರಿಗೆ ಕೊಡಗಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ,

ಪ್ರತಿ: ವಿದೇಶಾಂಗ ಸಚಿವಾಲಯಕ್ಕೆ, ಕರ್ನಾಟಕ ಸರ್ಕಾರದ ವಿಪತ್ತು ನಿರ್ವಹಣೆ ನೋಡಿಕೊಳ್ಳುವವರಿಗೆ, ನಮ್ಮ ಜಿಲ್ಲೆಯ ಮಾಜಿ ಸೈನಿಕ ಬಂಧುಗಳಿಗೆ.

ಸಾರ್, ನಮಸ್ಕಾರ.

ಪರದೇಶದಲ್ಲಿ ಭೂಕಂಪವಾದರೆ ನಮ್ಮ ವಾಯುಪಡೆಯ ವಿಮಾನ ಎಷ್ಟು ಗಂಟೆಯೊಳಗೆ ಹೊರಟಿತು ಎಂಬುದು ಅಂದೇ ರಾತ್ರಿ ಟಿವಿಯಲ್ಲಿ ಬರುತ್ತದೆ. ಅದು ಇಳಿದ ಮೇಲೆ ಪೆಟ್ಟಿಗೆಗಳು ಯಾವ ಲಾರಿ ಹತ್ತಿದವು, ಆ ಲಾರಿಗೆ ಡೀಸೆಲ್ ಯಾರು ಹಾಕಿಸಿದರು, ಕೊನೆಗೆ ಯಾವ ಊರು ಮುಟ್ಟಿದವು ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ನಾನು ಸೈನ್ಯದ ಸರಬರಾಜು ನೋಡಿಕೊಳ್ಳುವ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಸುಬೇದಾರನಾಗಿ ನಿವೃತ್ತಿಯಾದವನು. ನನ್ನ ನೌಕರಿಯೆಲ್ಲ ಕಳೆದದ್ದು ಕ್ಯಾಮೆರಾ ಹೋದ ಮೇಲಿನ ಆ ಭಾಗದಲ್ಲಿ. ಪತ್ರವೂ ಅದರ ಬಗ್ಗೆಯೇ.

ಇದರ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ. ಕನ್ನಡದಲ್ಲಿ ಎಲ್ಲರ ಮುಂದೆ ಇಡುತ್ತಿರುವುದು ನಮ್ಮ ಜಿಲ್ಲೆಯವರು ಓದಲಿ ಅಂತ. ನಾವು ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂವಿಡುವ ಜನ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಎಂದರೆ ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಕೋವಿಯ ಹಿಂದಿನಿಂದ ಅಕ್ಕಿ, ಟಯರು, ಔಷಧಿ ನಡೆದುಬರುವ ದಾರಿಯ ಮಾತು ನಮ್ಮ ಐನ್‌ಮನೆಗಳಲ್ಲೂ ಕಡಿಮೆ. ಸಪ್ಲೈಯವನು ಎಂದರೆ ‘ರೇಷನ್ ಸುಬೇದಾರ್’ ಎಂದು ನಗುವವರೇ ಹೆಚ್ಚು. ನಗಲಿ, ಬೇಸರವಿಲ್ಲ.

ನನ್ನ ಮುಖ್ಯ ಕೋರಿಕೆ ಒಂದೇ. ವಿದೇಶದ ಪರಿಹಾರ ಕಾರ್ಯಕ್ಕಾಗಲಿ, ವಿಶ್ವಸಂಸ್ಥೆಯ ಶಾಂತಿಪಾಲನೆಗಾಗಲಿ, ನಮ್ಮ ಸರಬರಾಜು ಜಾಲದ ಲೆಕ್ಕ ಸಾಮಾನು ಕೈಗೆ ಸೇರುವ ಜಾಗದಿಂದ ಶುರುವಾಗಿ ಹಿಂದಕ್ಕೆ ಬರಬೇಕು. ಈಗ ಅದು ಹಿಂಡನ್ ಅಥವಾ ಆಗ್ರಾದ ರನ್‌ವೇಯಿಂದ ಶುರುವಾಗಿ ಮುಂದಕ್ಕೆ ಹೋಗುತ್ತದೆ. ಎಷ್ಟು ಟನ್ ಕಳಿಸಿದೆವು ಎಂಬ ಅಂಕಿ ಸಿದ್ಧವಿರುತ್ತದೆ, ಎಷ್ಟು ಟನ್ ಮುಟ್ಟಿತು ಎಂಬುದಕ್ಕೆ ಕಾಲಂ ಇರುವುದಿಲ್ಲ. ಬರುವ ನೆಂಟರು ಎಷ್ಟು ಎಂದು ಕೇಳದೆ ಅಕ್ಕಿ ಅಳೆದ ಹಾಗೆ ಇದು.

ಪಡೆಯುವ ತುದಿಯಲ್ಲಿ ನಿಂತರೆ ಹೇಗಿರುತ್ತದೆ ಎಂಬುದನ್ನು ಕೊಡಗಿಗೆ ಯಾರೂ ಕಲಿಸಬೇಕಾಗಿಲ್ಲ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ರಾಜ್ಯದ ಮೂಲೆಮೂಲೆಯಿಂದ ಲಾರಿ ತುಂಬ ಸಾಮಾನು ಬಂತು. ಕೊಟ್ಟ ಕೈಗಳಿಗೆ ಇಂದಿಗೂ ನಮಸ್ಕಾರ. ಆದರೆ ಬಂದದ್ದು ಹಳೇ ಬಟ್ಟೆಯ ಗಂಟು, ಬಿಸ್ಕೆಟ್, ಮತ್ತು ಆಕಾಶ ತೂತು ಬಿದ್ದಂತೆ ಸುರಿಯುತ್ತಿದ್ದ ಊರಿಗೆ ಬಾಟಲಿ ನೀರು. ಬೇಕಿದ್ದದ್ದು ಟಾರ್ಪಾಲು, ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಸಕ್ಕರೆ ಕಾಯಿಲೆಯ ಮಾತ್ರೆ, ಗಂಬೂಟು. ಇಳಿಸಿಕೊಂಡದ್ದನ್ನು ವಿಂಗಡಿಸಲು ಕೈ ಸಾಲದು, ಒಣ ಜಾಗ ಸಾಲದು, ಯಾವ ಶಿಬಿರದಲ್ಲಿ ಎಷ್ಟು ಮಂದಿ ಎಂಬ ಪಟ್ಟಿ ಬೆಳಿಗ್ಗೆಗೊಂದು ಸಂಜೆಗೊಂದು. ಸಂಪಾಜೆ ಕಡೆಯ ರಸ್ತೆ ಕೊಚ್ಚಿಹೋಗಿದ್ದರಿಂದ ಜೋಡುಪಾಲದ ಜನ ಮಡಿಕೇರಿಗೆ ಬರಲಾಗದೆ ಅರಂತೋಡು, ಸುಳ್ಯದ ಕಡೆಗೆ ಇಳಿದರು. ಒಂದೇ ಹೆದ್ದಾರಿಯ ಮೇಲಿನ ಎರಡು ಊರು, ನಡುವೆ ಕೆಲವೇ ಕಿಲೋಮೀಟರ್, ಆದರೂ ಸರಬರಾಜಿಗೆ ಎರಡು ಬೇರೆ ದೇಶಗಳಂತಾದವು.

ಈ ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ, ಬಂದರು ಘಟ್ಟದ ಕೆಳಗೆ. ಮಳೆಗಾಲದ ಮಂಜಿನಲ್ಲಿ ಹೆಲಿಕಾಪ್ಟರನ್ನು ನಂಬಿ ಕೂರುವಂತಿಲ್ಲ. ದಕ್ಷಿಣ ಸೂಡಾನಿನ ಮಲಕಾಲ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋದ ನಮ್ಮ ತುಕಡಿಯ ಸಪ್ಲೈ ನೋಡಿಕೊಳ್ಳುವಾಗ ನನಗೆ ಅನೇಕ ಸಲ ಊರೇ ನೆನಪಾದದ್ದು ಇದೇ ಕಾರಣಕ್ಕೆ.

ಈಗ ಸ್ವಲ್ಪ ಗಣಿತ. ತುರ್ತು ಪರಿಹಾರದಲ್ಲಿ ಲೋಕವೆಲ್ಲ ಒಪ್ಪಿ ಬಳಸುವ ‘ಸ್ಫಿಯರ್’ ಮಾನದಂಡದ ಪ್ರಕಾರ ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು. ಮನೆ ಕಳೆದುಕೊಂಡವರು 10,000 ಮಂದಿ ಎಂದಿಟ್ಟುಕೊಂಡರೆ ದಿನಕ್ಕೆ ಒಂದೂವರೆ ಲಕ್ಷ ಲೀಟರ್, ಅಂದರೆ 150 ಟನ್. ನಮ್ಮಲ್ಲಿರುವ ಅತಿ ದೊಡ್ಡ ಸಾಗಣೆ ವಿಮಾನ ಸಿ–17 ಹೊರುವುದು ಹೆಚ್ಚೆಂದರೆ 77 ಟನ್ನಿನಷ್ಟು. ಬರೀ ನೀರಿಗೇ ದಿನಕ್ಕೆ ಎರಡು ಸಿ–17 ಬೇಕು, ಅದೂ ಪ್ರತಿದಿನ. ಹಾಗಾಗಿ ಬುದ್ಧಿ ಇರುವ ಸಪ್ಲೈಯವನು ನೀರು ಹೊರುವುದಿಲ್ಲ, ನೀರು ಶುದ್ಧ ಮಾಡುವ ಯಂತ್ರ ಹೊರುತ್ತಾನೆ. ಆ ಯಂತ್ರಕ್ಕೆ ಜನರೇಟರ್, ಜನರೇಟರಿಗೆ ಡೀಸೆಲ್, ಡೀಸೆಲ್ಲಿಗೆ ಪೀಪಾಯಿ, ಪೀಪಾಯಿ ಇಳಿಸಲು ಫೋರ್ಕ್‌ಲಿಫ್ಟ್, ಯಂತ್ರ ನಡೆಸಲು ಬಲ್ಲ ಇಬ್ಬರು, ಕ್ಲೋರಿನ್, ಬದಲಿ ಫಿಲ್ಟರ್. ಇದರಲ್ಲಿ ಒಂದು ಬಿಟ್ಟುಹೋದರೂ ಯಂತ್ರ ಪೆಟ್ಟಿಗೆಯೊಳಗೇ ಉಳಿಯುತ್ತದೆ. ಊಟದ ಲೆಕ್ಕ ಇಷ್ಟು ಕಷ್ಟದ್ದಲ್ಲ. ತಲೆಗೆ ಅರ್ಧ ಕಿಲೋ ಒಣ ರೇಷನ್ ಹಿಡಿದರೂ ಅದೇ 10,000 ಮಂದಿಗೆ ದಿನಕ್ಕೆ ಐದು ಟನ್. ಟಿವಿಯವರು ಆಹಾರದ ಪೊಟ್ಟಣ ತೋರಿಸುತ್ತಾರೆ, ನಮ್ಮ ತಲೆನೋವು ನೀರು.

2015ರ ಏಪ್ರಿಲ್ 25ರಂದು ನೇಪಾಳ ನಡುಗಿದಾಗ ‘ಆಪರೇಷನ್ ಮೈತ್ರಿ’ಯಡಿ ನಮ್ಮವರು ಅಂದೇ ತಲುಪಿದರು. ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಕಾಠ್ಮಂಡುವಿನಲ್ಲಿದ್ದದ್ದು ಒಂದೇ ರನ್‌ವೇ, ವಿಮಾನ ನಿಲ್ಲಿಸಲು ಇಕ್ಕಟ್ಟಿನ ಜಾಗ. ನಮ್ಮದೂ ಸೇರಿ ಅನೇಕ ದೇಶಗಳ ವಿಮಾನಗಳು ಮೇಲೆ ಸುತ್ತು ಹೊಡೆದು, ಕೆಲವು ಹಾಗೇ ಹಿಂತಿರುಗಿದವು. ಮೇ 3ರ ಹೊತ್ತಿಗೆ ರನ್‌ವೇಗೆ ಹಾನಿಯಾಗಿ ದೊಡ್ಡ ವಿಮಾನಗಳನ್ನೇ ನಿಲ್ಲಿಸಬೇಕಾಯಿತು. ಇಳಿದ ಸಾಮಾನು ಸುಂಕದ ತಪಾಸಣೆಯಲ್ಲಿ ಸಿಕ್ಕಿಕೊಂಡಿದೆ ಎಂದು ವಿಶ್ವಸಂಸ್ಥೆಯ ಅಧಿಕಾರಿಗಳೇ ದೂರಿದರು. ಇಷ್ಟರ ನಡುವೆ ಒಂದು ಒಳ್ಳೆಯ ಸಂಗತಿಯೂ ಇತ್ತು. ವಿಶ್ವ ಆಹಾರ ಕಾರ್ಯಕ್ರಮದವರು ಭೂಕಂಪಕ್ಕೆ ಬರೀ ಒಂದು ತಿಂಗಳ ಮುಂಚೆ ಆ ವಿಮಾನ ನಿಲ್ದಾಣದ ಪಕ್ಕದಲ್ಲೇ ಪರಿಹಾರ ಸಾಮಗ್ರಿ ಇಳಿಸಿ, ವಿಂಗಡಿಸಿ, ಕಳಿಸುವ ಅಂಗಳವೊಂದನ್ನು ಕಟ್ಟಿ ಮುಗಿಸಿದ್ದರು. ಅದಿಲ್ಲದಿದ್ದರೆ ಗತಿ ಏನಾಗುತ್ತಿತ್ತೋ. ಕಾಂಕ್ರೀಟ್ ಅಂಗಳ, ಶೆಡ್ಡು, ಗೇಟು, ರಿಜಿಸ್ಟರು ಅಷ್ಟೇ. ಅದರ ಫೋಟೋ ಯಾವ ಪತ್ರಿಕೆಯ ಮುಖಪುಟದಲ್ಲೂ ಬರುವಂಥದ್ದಲ್ಲ.

ಮ್ಯಾನ್ಮಾರ್‌ನಲ್ಲಿ 2025ರ ಮಾರ್ಚ್ 28ರಂದು ಆದದ್ದೂ ಇದೇ ಪಾಠ. ನೇಪಿಡಾ ವಿಮಾನ ನಿಲ್ದಾಣದ ಗೋಪುರ ಬಿತ್ತು, ಇರಾವತಿ ನದಿಯ ಮೇಲಿನ ಹಳೆಯ ಆವಾ ಸೇತುವೆ ಕುಸಿಯಿತು. ‘ಆಪರೇಷನ್ ಬ್ರಹ್ಮ’ದ ಮೊದಲ ವಿಮಾನ ಮರುದಿನವೇ ಯಾಂಗೂನ್‌ಗೆ ಇಳಿಯಿತು, ನಮ್ಮ ಸೇನಾ ಆಸ್ಪತ್ರೆ ಮಂಡಲೇಯಲ್ಲಿ ಕೆಲಸ ಮಾಡಿತು. ಆದರೆ ಯಾಂಗೂನ್ ಬೇರೆ, ಮಂಡಲೇ ಬೇರೆ, ನದಿಯಾಚೆಯ ಸಗಾಯಿಂಗ್ ಇನ್ನೂ ಬೇರೆ. ಅಂತರ್ಯುದ್ಧದ ದೇಶದಲ್ಲಿ ನೆರವು ಯಾವ ಹಳ್ಳಿಗೆ ಹೋಗಬೇಕು ಎಂಬುದನ್ನು ಆ ದೇಶದ ಸೈನ್ಯವೇ ತೀರ್ಮಾನಿಸಿದರೆ ನಮ್ಮ ಪೆಟ್ಟಿಗೆಗಳು ಒಂದು ಪಕ್ಷದ ಪೆಟ್ಟಿಗೆಗಳಾಗುತ್ತವೆ. ನೈಸರ್ಗಿಕ ವಿಕೋಪದಲ್ಲಿ ವಿದೇಶಿ ಸೇನೆಯ ಸಾಧನಗಳನ್ನು ಬೇರೆ ದಾರಿ ಇಲ್ಲದಾಗ ಮಾತ್ರ ಬಳಸಬೇಕು ಎಂದು ಓಸ್ಲೋ ಮಾರ್ಗಸೂಚಿ ಹೇಳುವುದರ ಹಿಂದೆ ಇದೂ ಒಂದು ಕಾರಣ. ಸೇನೆ ಬಂದರು, ರನ್‌ವೇ, ಸೇತುವೆಯವರೆಗಿನ ಭಾರ ಹೊತ್ತು, ಅಲ್ಲಿಂದಾಚೆ ಸ್ಥಳೀಯರ ಕೈಗೆ ಒಪ್ಪಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸಮವಸ್ತ್ರದವರು ಎಲ್ಲವನ್ನೂ ತಾವೇ ಹಂಚಬೇಕೆಂದು ಹೊರಟಾಗ ಕೆಲಸ ನಿಧಾನವಾಗುವುದನ್ನು ನೋಡಿದ್ದೇನೆ.

ಚೆನ್ನಾಗಿ ನಡೆದದ್ದನ್ನೂ ಹೇಳಬೇಕು. 2023ರ ಫೆಬ್ರುವರಿ 6ರ ಟರ್ಕಿ ಭೂಕಂಪಕ್ಕೆ ಆಗ್ರಾದ 60 ಪ್ಯಾರಾ ಫೀಲ್ಡ್ ಆಸ್ಪತ್ರೆಯ 99 ಮಂದಿ ಹೋಗಿ ಇಸ್ಕೆಂದೆರುನ್‌ನಲ್ಲಿ 30 ಹಾಸಿಗೆಯ ಆಸ್ಪತ್ರೆ ತೆರೆದರು. ವೈದ್ಯರ ಜೊತೆ ಎಕ್ಸ್‌ರೇ, ಆಮ್ಲಜನಕ ತಯಾರಿಸುವ ಘಟಕ, ಜನರೇಟರು ಎಲ್ಲ ಒಟ್ಟಿಗೆ ಹೋದವು. ತಾವು ಕಟ್ಟಿಕೊಂಡು ಹೋದದ್ದರಲ್ಲೇ ನಡೆಸಿದರು, ನೊಂದ ಊರಿನ ಮೇಲೆ ಹೊರೆಯಾಗಲಿಲ್ಲ. ಈ ಘಟಕದ ಚರಿತ್ರೆ ಕೊರಿಯಾ ಯುದ್ಧಕ್ಕೆ ಹೋಗುತ್ತದೆ. 1950ರಲ್ಲಿ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದಲ್ಲಿ ಅಲ್ಲಿಗೆ ಹೋದ 60 ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಇದೇ. ಪ್ಯೊಂಗ್ಯಾಂಗ್‌ನಿಂದ ಹಿಂದೆ ಸರಿಯಲು ಆದೇಶ ಬಂದಾಗ ಇವರಿಗೆ ವಾಹನವೇ ಇರಲಿಲ್ಲ. ಬಿಟ್ಟುಹೋಗಿದ್ದ ಒಂದು ಉಗಿ ಎಂಜಿನ್ ಹುಡುಕಿ, ತಾವೇ ಬೆಂಕಿ ಹಾಕಿ, ಆಸ್ಪತ್ರೆಯ ಸಾಮಾನನ್ನೆಲ್ಲ ಡಬ್ಬಿಗೆ ತುಂಬಿ ಹೊರಬಂದರು. ಈ ಕಥೆ ಕೇಳಿದಾಗಲೆಲ್ಲ ಜೂನಿಯರ್‌ಗಳು ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮೊದಲು ಹೊಳೆಯುತ್ತಿದ್ದ ಪ್ರಶ್ನೆಯೇ ಬೇರೆ: ಯುದ್ಧಭೂಮಿಯಲ್ಲಿ ಒಂದು ಆಸ್ಪತ್ರೆಗೆ ಲಾರಿ ಯಾಕಿರಲಿಲ್ಲ?

ಕೊರಿಯಾದ ಮಾತು ಬಂದಮೇಲೆ ನಮ್ಮ ತಿಮ್ಮಯ್ಯನವರನ್ನು ಬಿಟ್ಟು ಮುಂದೆ ಹೋಗಲಾಗದು. 1953ರಲ್ಲಿ ಅವರು ಯುದ್ಧಕೈದಿಗಳ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದರು. ಊರಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳನ್ನು ಕಾಯುವ ಹೊಣೆ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಅವರ ಕೈಕೆಳಗಿನ ಭಾರತೀಯ ಪಡೆಯದು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಮಾತ್ರ ಭಾರತದ ಒಬ್ಬ ಸಿಪಾಯಿಯೂ ತನ್ನ ನೆಲ ಮೆಟ್ಟಕೂಡದು ಎಂದು ಹಟ ಹಿಡಿದರು. ಆದರೆ ಬಂದರು ಇದ್ದದ್ದು ಅವರ ನೆಲದಲ್ಲಿ, ಇಂಚಾನ್‌ನಲ್ಲಿ. ಕೊನೆಗೆ ನಮ್ಮ ಸಾವಿರಾರು ಸೈನಿಕರನ್ನು ಹಡಗಿನಿಂದಲೇ ಅಮೆರಿಕದ ಹೆಲಿಕಾಪ್ಟರ್‌ಗಳು ಎತ್ತಿಕೊಂಡು, ದಕ್ಷಿಣ ಕೊರಿಯಾದ ಮಣ್ಣು ಕಾಲಿಗೆ ತಾಗದಂತೆ, ಸೇನಾರಹಿತ ವಲಯದೊಳಗೆ ಇಳಿಸಿದವು. ಅಲ್ಲಿ ಅವರು ಕಟ್ಟಿದ ಶಿಬಿರಕ್ಕೆ ‘ಹಿಂದ್ ನಗರ’ ಎಂದು ಹೆಸರು.

ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿಸೈಡ್’ ಈಗ ವಸ್ತುಸಂಗ್ರಹಾಲಯ. 2021ರಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದರು. ಅಲ್ಲಿಗೆ ಬರುವ ಶಾಲಾ ಮಕ್ಕಳಿಗೆ ಯಾರಾದರೂ ಈ ಹೆಲಿಕಾಪ್ಟರ್ ಪ್ರಸಂಗ ಬಿಡಿಸಿ ಹೇಳಬೇಕು. ಆತಿಥೇಯ ದೇಶ ‘ಬೇಡ’ ಎಂದರೆ ಭೂಪಟದಲ್ಲಿ ಕಾಣುವ ಬಂದರು, ರಸ್ತೆ, ರೈಲು ಯಾವುದೂ ನಿಮ್ಮದಲ್ಲ ಎಂಬುದು ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ಉದಾಹರಣೆ ನನಗೆ ಗೊತ್ತಿಲ್ಲ. ಮುಂದೆ 1964ರಲ್ಲಿ ತಿಮ್ಮಯ್ಯನವರು ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಯ ಮುಖ್ಯಸ್ಥರಾದರು. ಆ ದ್ವೀಪದಲ್ಲಿ ಬ್ರಿಟಿಷರ ಸೇನಾ ನೆಲೆಗಳಿದ್ದವು, ಪಡೆಯ ಸರಬರಾಜಿಗೆ ಅವೇ ಆಸರೆ. 1965ರ ಡಿಸೆಂಬರ್ 18ರಂದು ಅವರು ತೀರಿಕೊಂಡದ್ದೂ ಅಲ್ಲಿಯೇ.

ಭೂಕಂಪದ ನೆರವು ಕೆಲವು ವಾರಗಳ ಓಟ. ಶಾಂತಿಪಾಲನೆ ವರ್ಷಗಟ್ಟಲೆಯ ಸಂಸಾರ. ಹೊರಗಿನವರಿಗೆ ಗೊತ್ತಿರದ ಒಂದು ವಿಷಯ ಇಲ್ಲಿದೆ. ವಿಶ್ವಸಂಸ್ಥೆ ನಮ್ಮ ಸೈನಿಕರಿಗೆ ಅಕ್ಕಿ ಬೇಳೆ ಕೊಡುತ್ತದೆ, ನೀರು ಕೊಡುತ್ತದೆ, ಗಾಡಿಗೆ ಡೀಸೆಲ್ ಕೊಡುತ್ತದೆ. ಗಾಡಿ ಮಾತ್ರ ನಮ್ಮದು. ‘ವೆಟ್ ಲೀಸ್’ ಎಂಬ ಒಪ್ಪಂದದಲ್ಲಿ ಅದರ ರಿಪೇರಿ, ಬಿಡಿಭಾಗ ಎಲ್ಲವೂ ಕಳಿಸಿದ ದೇಶದ ತಲೆಮೇಲೆ, ಅದಕ್ಕೆ ಬಾಡಿಗೆ ರೂಪದಲ್ಲಿ ಹಣ ಬರುತ್ತದೆ. ಮೂರು ತಿಂಗಳಿಗೊಮ್ಮೆ ತಪಾಸಣೆಯವರು ಬಂದು ಎಣಿಸುತ್ತಾರೆ. ಒಂದು ವರ್ಗದ ವಾಹನಗಳಲ್ಲಿ ಓಡುವ ಸ್ಥಿತಿಯಲ್ಲಿರುವುದು ನೂರಕ್ಕೆ 90ಕ್ಕಿಂತ ಕಡಿಮೆಯಾದರೆ ಕೊಡುವ ಹಣ ಕಡಿತ. ಡೀಸೆಲ್ ತುಂಬಿಸಿಕೊಂಡ ಲಾರಿ ಒಂದು ಫಿಲ್ಟರಿಗಾಗಿ, ಒಂದು ಬೇರಿಂಗಿಗಾಗಿ ವಾರಗಟ್ಟಲೆ ನಿಂತಿರುವುದನ್ನು ನೋಡಿದವನಿಗೆ ಮಾತ್ರ ಆ ಸಂಕಟ ಗೊತ್ತು. ಆ ಫಿಲ್ಟರ್ ನಮ್ಮ ದೇಶದ ಯಾವ ಪಟ್ಟಣದ ಅಂಗಡಿಯಲ್ಲಾದರೂ ಸಿಗುತ್ತದೆ. ಮಲಕಾಲ್‌ನಲ್ಲಿ ಸಿಗುವುದಿಲ್ಲ.

ಅದು ಬರುವ ದಾರಿ ಹೀಗಿದೆ. ಮುಂಬೈಯಿಂದ ಹಡಗಿನಲ್ಲಿ ಕೀನ್ಯಾದ ಮೊಂಬಾಸಾ. ಅಲ್ಲಿ ಸುಂಕದ ಕಾಗದ. ನೈರೋಬಿ ದಾಟಿ ಉಗಾಂಡಾ, ಅಲ್ಲಿ ಇನ್ನೊಮ್ಮೆ ಕಾಗದ. ಗುಲು ದಾಟಿ ನಿಮುಲೆ ಗಡಿ, ಮತ್ತೆ ಕಾಗದ. ನಿಮುಲೆಯಿಂದ ಜೂಬಾಕ್ಕೆ 192 ಕಿಲೋಮೀಟರ್ ಡಾಂಬರು, 2012ರಲ್ಲಿ ಆದದ್ದು. ಮೊಂಬಾಸಾದಿಂದ ಜೂಬಾ ಮುಟ್ಟುವಾಗ 1,600 ಕಿಲೋಮೀಟರ್ ಆಸುಪಾಸು ಆಗಿರುತ್ತದೆ. ಜೂಬಾದಿಂದ ಮಲಕಾಲ್‌ಗೆ ಮಳೆಗಾಲದಲ್ಲಿ ರಸ್ತೆಯ ಮಾತೇ ಇಲ್ಲ. ಅಲ್ಲಿಯದು ನಮ್ಮ ಬಯಲುಸೀಮೆಯಂಥ ಎರೆಮಣ್ಣು. ಒಣಗಿದಾಗ ಕಲ್ಲು, ನೆನೆದಾಗ ಗಾಲಿ ಸುತ್ತಿಕೊಳ್ಳುವ ಅಂಟು. ಉಳಿದದ್ದು ಬಿಳಿ ನೈಲ್ ನದಿ, ಅದರ ಮೇಲೆ ನಿಧಾನಕ್ಕೆ ಸಾಗುವ ಬಾರ್ಜು, ದಡದುದ್ದಕ್ಕೂ ಬಂದೂಕು ಹಿಡಿದು ತಡೆಯುವವರು. ಯಾರ ಬಂದೂಕು ಯಾವ ಪಕ್ಷದ್ದು ಎಂಬುದು ತಿಂಗಳಿಗೊಮ್ಮೆ ಬದಲಾಗುತ್ತದೆ. ಮೇ ತಿಂಗಳಲ್ಲಿ ಮಳೆ ಶುರುವಾಗುವುದರೊಳಗೆ ವರ್ಷದ ಉಳಿಕೆಗೆಲ್ಲ ಸಂಗ್ರಹ ಮಾಡಿಕೊಳ್ಳಬೇಕು. ಆದರೆ ನಮ್ಮ ಇಂಡೆಂಟು, ಅಂದರೆ ಬೇಡಿಕೆ ಪಟ್ಟಿ, ಮೇಲಕ್ಕೆ ಹೋಗಿ, ಟೆಂಡರಾಗಿ, ಖರೀದಿಯಾಗಿ, ಹಡಗು ಹತ್ತುವ ಹೊತ್ತಿಗೆ ಜೂನ್. ನಮ್ಮ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಆ ದೇಶದ ರಸ್ತೆ ಮೇ ತಿಂಗಳಲ್ಲಿ ಮುಚ್ಚುತ್ತದೆ. ಈ ಎರಡು ಕ್ಯಾಲೆಂಡರ್‌ಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡಿದವರನ್ನು ನಾನು ಕಂಡಿಲ್ಲ. ಇದು ಧೈರ್ಯದ ಕೊರತೆಯಲ್ಲ, ದುಡ್ಡಿನ ಕೊರತೆಯೂ ಅಲ್ಲ. ಒಂದು ಕಡತ ಮೂರು ತಿಂಗಳು ಮೊದಲು ಏಳಬೇಕು, ಅಷ್ಟೆ.

ನಮಗೆ ಈ ಕೆಲಸ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಸಿರಿಯಾ–ಇಸ್ರೇಲ್ ನಡುವಿನ ಗೋಲನ್‌ನಲ್ಲಿ ವಿಶ್ವಸಂಸ್ಥೆ ಪಡೆಗೆ ಸರಬರಾಜು ಮಾಡುವ ಘಟಕವನ್ನು 2006ರಿಂದ ಕಳಿಸುತ್ತಿರುವುದೇ ಭಾರತ. ಇಷ್ಟು ಬಲ್ಲವರ ಅನುಭವ ನಿವೃತ್ತಿಯ ಜೊತೆ ಊರಿಗೆ ಬಂದು ಕಾಫಿ ಕಣದಲ್ಲಿ ಕೂರುತ್ತದೆ ಎಂಬುದಷ್ಟೇ ನನ್ನ ದೂರು.

ಸರಬರಾಜೆಂದರೆ ಒಳಗೆ ಬರುವುದು ಮಾತ್ರವಲ್ಲ. ಶಿಬಿರದಿಂದ ಹೊರಗೆ ಹೋಗುವುದರ ಲೆಕ್ಕವೂ ಅದರಲ್ಲೇ ಸೇರಬೇಕು. ಹೈಟಿಯಲ್ಲಿ 2010ರ ಜನವರಿಯ ಭೂಕಂಪಕ್ಕೆ ವಿಶ್ವಸಂಸ್ಥೆಯ ಮುಖ್ಯ ಕಚೇರಿಯೇ ಕುಸಿದು ಅದರ ಮುಖ್ಯಸ್ಥರೂ ಸತ್ತರು. ಅದೇ ಅಕ್ಟೋಬರಿನಲ್ಲಿ ಮಿರೆಬಲೇ ಎಂಬಲ್ಲಿನ ಶಾಂತಿಪಾಲಕರ ಶಿಬಿರದ ಶೌಚದ ಕೊಳಕು ಹೊಳೆಗೆ ಸೇರಿ ಕಾಲರಾ ಹಬ್ಬಿತು. ಸುಮಾರು 10,000 ಮಂದಿ ಸತ್ತರು. ಆ ದೇಶದಲ್ಲಿ ಅದಕ್ಕೆ ಮೊದಲು ಬಹುಕಾಲ ಆ ರೋಗವೇ ಇರಲಿಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ. ಕೊಳಕು ಸಾಗಿಸುವ ಗುತ್ತಿಗೆದಾರ ಎಲ್ಲಿ ಸುರಿಯುತ್ತಾನೆ ಎಂದು ಯಾರಾದರೊಬ್ಬ ಹಿಂದೆ ಹೋಗಿ ನೋಡಿದ್ದರೆ ಸಾಕಿತ್ತು. ನಮ್ಮ ಕಾವೇರಿ ದಂಡೆಯ ಹೋಂಸ್ಟೇಗಳ ವಿಷಯ ಇಲ್ಲಿ ಎತ್ತಬಾರದು ಎಂದುಕೊಂಡಿದ್ದೆ. ಎತ್ತಿಯಾಯಿತು, ಇರಲಿ.

ಇನ್ನು ಹಿಂದಿರುಗುವ ದಾರಿ. ಇದು ತುರ್ತು, ದಯವಿಟ್ಟು ಗಮನಿಸಿ. ಮಾಲಿ ದೇಶ 2023ರಲ್ಲಿ ಶಾಂತಿಪಾಲಕರು ಹೊರಡಿ ಎಂದಿತು. ಜೂನ್ 30ಕ್ಕೆ ಆ ಪಡೆಯ ಅಧಿಕಾರಾವಧಿ ಮುಗಿಯಿತು, ಡಿಸೆಂಬರ್ 31ರೊಳಗೆ ಎಲ್ಲ ಖಾಲಿ. ಕಿಡಾಲ್ ಶಿಬಿರದಿಂದ ಸಾಮಾನು ತರಲು ಗಾವೊದಲ್ಲಿ ಸಿದ್ಧವಾಗಿ ನಿಂತಿದ್ದ ಲಾರಿಗಳಿಗೆ ಹೋಗಲು ಅನುಮತಿಯೇ ಸಿಗಲಿಲ್ಲ. ಕೊನೆಗೆ ಬೆಲೆಬಾಳುವ ಉಪಕರಣಗಳನ್ನು ಅಲ್ಲೇ ನಾಶಮಾಡಿ ಬರಬೇಕಾಯಿತು. ಈಗ ಲೆಬನಾನಿನ ಸರದಿ. ದಕ್ಷಿಣ ಲೆಬನಾನಿನಲ್ಲಿ ನಮ್ಮ ಬೆಟಾಲಿಯನ್ 1998ರಿಂದ ಇದೆ. ಅಲ್ಲಿಯ ವಿಶ್ವಸಂಸ್ಥೆ ಪಡೆಯ ಕೆಲಸ 2026ರ ಡಿಸೆಂಬರ್ 31ಕ್ಕೆ ಮುಗಿಯಬೇಕು, ಆಮೇಲೆ ಒಂದು ವರ್ಷದಲ್ಲಿ ಜಾಗ ಬಿಡಬೇಕು ಎಂದು ಭದ್ರತಾ ಮಂಡಳಿ 2025ರ ಆಗಸ್ಟ್‌ನಲ್ಲಿ ತೀರ್ಮಾನಿಸಿದೆ. ಇಷ್ಟು ವರ್ಷಗಳಲ್ಲಿ ಕೂಡಿಟ್ಟ ಸಾಮಾನಿನಲ್ಲಿ ಯಾವುದು ಮನೆಗೆ, ಯಾವುದು ಬೇರೆ ತುಕಡಿಗೆ, ಯಾವುದು ಸ್ಥಳೀಯ ಶಾಲೆ ಆಸ್ಪತ್ರೆಗೆ, ಯಾವುದು ಗುಜರಿಗೆ? ಜೊತೆಗೆ ಹಣದ ಅಡಚಣೆಯಿಂದ ಶಾಂತಿಪಾಲಕರ ಸಂಖ್ಯೆಯನ್ನೇ ಕಾಲು ಭಾಗ ಇಳಿಸುವುದಾಗಿ ವಿಶ್ವಸಂಸ್ಥೆ 2025ರ ಅಕ್ಟೋಬರಿನಲ್ಲಿ ಹೇಳಿದೆ. ಒಂದೇ ಸಮಯಕ್ಕೆ ಹಲವು ದೇಶಗಳು ಹಡಗು, ಲಾರಿ, ಕಂಟೇನರ್ ಹುಡುಕುತ್ತವೆ. ಕೊನೆಗೆ ಎದ್ದವನಿಗೆ ದುಬಾರಿ ಬಾಡಿಗೆ.

ಹಡಗು ಬಾಡಿಗೆಯ ವಿಷಯ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲು ನಮ್ಮದೇ, ಹೆಚ್ಚಿನದು ಯೂರೋಪಿಗೆ ಹೋಗುತ್ತದೆ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿ ಬಂಡುಕೋರರು ಹಡಗುಗಳಿಗೆ ಹೊಡೆಯಲು ಶುರುಮಾಡಿದ ಮೇಲೆ ಆಫ್ರಿಕಾ ಸುತ್ತಿ ಹೋಗುವ ಹಡಗಿನ ಬಾಡಿಗೆ ಎಷ್ಟಾಯಿತು ಎಂದು ರಫ್ತು ಮಾಡುವವರನ್ನು ಕೇಳಿ. ಲೆಬನಾನಿನಿಂದ ಬರಬೇಕಾದ ನಮ್ಮ ಸೈನ್ಯದ ಕಂಟೇನರಿಗೂ ಇರುವುದು ಅದೇ ಸಮುದ್ರ.

ಹಾಗಾದರೆ ಏನು ಮಾಡಬೇಕು? ದೊಡ್ಡ ಹಡಗು ಕೊಳ್ಳಿ ಎಂದು ನಾನು ಹೇಳಬೇಕಾಗಿಲ್ಲ. 2004ರ ಸುನಾಮಿಯಲ್ಲಿ ಶ್ರೀಲಂಕಾ, ಮಾಲ್ದೀವ್ಸ್, ಇಂಡೊನೇಷ್ಯಾಕ್ಕೆ ನೌಕಾಪಡೆ ಓಡಿದ ಮೇಲೆಯೇ 2007ರಲ್ಲಿ ಪಡೆ, ಸಾಮಾನು ಹೊತ್ತು ದಡಕ್ಕೆ ಇಳಿಸುವ ದೊಡ್ಡ ಹಡಗು ‘ಜಲಾಶ್ವ’ ಬಂತು. ಅಂಥ ಇನ್ನೂ ನಾಲ್ಕು ಹಡಗುಗಳ ಯೋಜನೆಗೆ ದಶಕ ದಾಟಿತು, ಒಂದೂ ನೀರಿಗಿಳಿದಿಲ್ಲ. ಅದು ತಮಗೆ ಗೊತ್ತಿರುವ ವಿಷಯ. ನನ್ನ ಮಟ್ಟಕ್ಕೆ ತಕ್ಕದ್ದನ್ನಷ್ಟೇ ಕೇಳುತ್ತೇನೆ.

ಹಿಂದೂ ಮಹಾಸಾಗರದ ಸುತ್ತಲಿನ ಪ್ರತಿ ದೇಶಕ್ಕೂ ಒಂದು ‘ಇಳಿಸುವ ಪುಸ್ತಕ’ ಬೇಕು. ರನ್‌ವೇ ಎಷ್ಟು ಭಾರ ತಾಳುತ್ತದೆ, ಬಂದರಿನ ಕ್ರೇನು ಎಷ್ಟು ಎತ್ತುತ್ತದೆ, ಯಾವ ಸೇತುವೆಗೆ ಎಷ್ಟು ಟನ್, ಯಾವ ತಿಂಗಳು ಯಾವ ರಸ್ತೆ ಮುಚ್ಚುತ್ತದೆ, ಸುಂಕದ ವಿನಾಯಿತಿಗೆ ಯಾರ ಸಹಿ, ಅಲ್ಲಿಯ ಜನ ಏನು ಉಣ್ಣುತ್ತಾರೆ, ಏನು ಉಣ್ಣುವುದಿಲ್ಲ. ವಿಶ್ವ ಆಹಾರ ಕಾರ್ಯಕ್ರಮದವರು ದೇಶವಾರು ಇಂಥ ಮಾಹಿತಿ ಕಲೆಹಾಕಿ ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಅದನ್ನು ಆಧಾರವಾಗಿಟ್ಟುಕೊಂಡು, ನಮ್ಮ ರಾಯಭಾರ ಕಚೇರಿಗಳ ಸೇನಾ ಅಧಿಕಾರಿಗಳು ವರ್ಷಕ್ಕೊಮ್ಮೆ ತಾವೇ ಹೋಗಿ ನೋಡಿ ತಿದ್ದಲಿ.

ಕರ್ನಾಟಕದಲ್ಲೇ ಒಂದು ಸಾಲು ಸಿದ್ಧವಿದೆ, ಯಾರೂ ಅದನ್ನು ದಾರವಾಗಿ ಪೋಣಿಸಿಲ್ಲ. ಬೆಂಗಳೂರಿನಲ್ಲಿ ಸರ್ವಿಸ್ ಕೋರ್‌ನ ಕೇಂದ್ರ ಮತ್ತು ಕಾಲೇಜು, ಮದ್ರಾಸ್ ಸ್ಯಾಪರ್ಸ್ ಎಂಜಿನಿಯರುಗಳು. ಮೈಸೂರಿನಲ್ಲಿ 1961ರಿಂದ ಸೈನ್ಯಕ್ಕಾಗಿ ಕೆಡದ ಊಟ ತಯಾರಿಸುತ್ತಿರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಕರಾವಳಿಯಲ್ಲಿ ನವಮಂಗಳೂರು ಬಂದರು, ಕಾರವಾರದಲ್ಲಿ ನೌಕಾನೆಲೆ. ಮೊಜಾಂಬಿಕ್, ಮಡಗಾಸ್ಕರ್, ಕೊಮೊರೊಸ್ ಕಡೆ ಚಂಡಮಾರುತವೆದ್ದರೆ ಹೊರಡಲು ಪಶ್ಚಿಮ ಕರಾವಳಿಗಿಂತ ಸರಿಯಾದ ಜಾಗವಿಲ್ಲ. ಐದು ಸಾವಿರ, ಹತ್ತು ಸಾವಿರ ಮಂದಿಗೆ ಬೇಕಾದದ್ದನ್ನು ಮೊದಲೇ ಕಟ್ಟಿ, ಪಟ್ಟಿ ಅಂಟಿಸಿ, ಕಂಟೇನರಿನಲ್ಲಿಟ್ಟು ಬೀಗ ಹಾಕಿ. ಪ್ರತಿ ಪೆಟ್ಟಿಗೆ ಇಬ್ಬರು ಎತ್ತುವಷ್ಟೇ ಭಾರವಿರಲಿ, ಯಾಕೆಂದರೆ ಕೊನೆಯ ತುದಿಯಲ್ಲಿ ಫೋರ್ಕ್‌ಲಿಫ್ಟ್ ಇರುವುದಿಲ್ಲ. ಅವಧಿ ಮುಗಿಯುವ ಮುಂಚೆ ಔಷಧಿ, ಆಹಾರವನ್ನು ರಾಜ್ಯದ ಆಸ್ಪತ್ರೆ, ಹಾಸ್ಟೆಲುಗಳಿಗೆ ಕೊಟ್ಟು ಹೊಸದನ್ನು ತುಂಬಿ.

ಈ ಸಾಲಿನ ದುರ್ಬಲ ಕೊಂಡಿ ಯಾವುದು ಗೊತ್ತೇ? ನಾವೇ. ಮೈಸೂರಿನಿಂದ ಕುಶಾಲನಗರ, ಮಡಿಕೇರಿ, ಸಂಪಾಜೆ ಇಳಿದು ಕರಾವಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275. ಮಳೆ ಜೋರಾದರೆ ಇದು ಜಾರುತ್ತದೆ. ಶಿರಾಡಿಯೂ ಮುಚ್ಚುತ್ತದೆ, ಚಾರ್ಮಾಡಿಯೂ ಅಷ್ಟೇ, ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿಯ ಮೇಲೂ ಮಣ್ಣು ಬೀಳುತ್ತದೆ. ಹಾಗಾಗಿ ಸಾಮಾನಿನ ದೊಡ್ಡ ಪಾಲು ಮಳೆಗೆ ಮುಂಚೆಯೇ ಘಟ್ಟದ ಕೆಳಗೆ ಇಳಿದಿರಬೇಕು. ಇದೇ ಕಾರಣಕ್ಕೆ ನನ್ನ ಇನ್ನೊಂದು ಕೋರಿಕೆ: ಸರಬರಾಜು ಕವಾಯತು ಕೊಡಗಿನಲ್ಲಿ ಆಗಲಿ, ಅದೂ ಜುಲೈ ತಿಂಗಳಲ್ಲಿ. ಡಿಸೆಂಬರಿನ ಬಿಸಿಲಿನಲ್ಲಿ ಮೈದಾನದಲ್ಲಿ ಟೆಂಟ್ ಹಾಕಿ ಅತಿಥಿಗಳಿಗೆ ತೋರಿಸುವ ಕವಾಯತು ಬೇಡ. ಸರ್ವಿಸ್ ಕೋರ್ ಕಾಲೇಜಿನ ಅಧಿಕಾರಿಗಳು ಬರಲಿ. ಎರಡು ರಸ್ತೆ ಮುಚ್ಚಿದೆ, ಮೊಬೈಲ್ ಸಿಗ್ನಲ್ ಇಲ್ಲ, ಮೂರು ಊರುಗಳಿಗೆ ನೀರಿನ ಯಂತ್ರ ಮತ್ತು ಒಂದು ಆಸ್ಪತ್ರೆ ಮುಟ್ಟಿಸಬೇಕು ಎಂದು ಕೆಲಸ ಕೊಡಿ. ಗ್ರಾಮ ಪಂಚಾಯಿತಿಯವರು ಆತಿಥೇಯ ಸರ್ಕಾರದ ಪಾತ್ರ ಮಾಡಲಿ, ಬೇಕಾದರೆ ಸಿಂಗ್‌ಮನ್ ರೀ ತರಹ ಹಟವನ್ನೂ ಹಿಡಿಯಲಿ. ಕೂಡಿಗೆಯ ಸೈನಿಕ ಶಾಲೆಯ ಮಕ್ಕಳು ಎಣಿಕೆಯ ರಿಜಿಸ್ಟರು ಬರೆಯಲಿ, ಎಷ್ಟು ಹೊರಟಿತು, ಎಷ್ಟು ಮುಟ್ಟಿತು ಅಂತ.

‘ನಮ್ಮೂರಿನ ಕಾಲುಸಂಕ ರಿಪೇರಿಯಾಗಿಲ್ಲ, ನೀನು ಸೂಡಾನಿಗೆ ಲಾರಿ ಓಡಿಸ್ತೀಯಾ?’ ಎಂದು ನಮ್ಮ ಭಾವ ಕೇಳಿದರು. ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ಮಂಗಳೂರಿನಲ್ಲಿ ಬೀಗ ಹಾಕಿಟ್ಟ ಆ ಪೆಟ್ಟಿಗೆಗಳು ಕೊಮೊರೊಸ್‌ಗೆ ಹೋಗುವ ಮೊದಲು ಮಕ್ಕಂದೂರಿಗೂ ಬರಬಹುದು. ಎರಡು ಕಡೆಗೂ ಬೇಕಾದ ಟಾರ್ಪಾಲು ಒಂದೇ.

ಕೊನೆಯದಾಗಿ, ಪ್ರತಿ ವಿದೇಶಿ ಪರಿಹಾರ ಕಾರ್ಯ ಮುಗಿದು ಆರು ತಿಂಗಳೊಳಗೆ ಒಂದು ವರದಿ ಸಂಸತ್ತಿನ ಮುಂದೆ ಬರಲಿ. ಗುಟ್ಟಿನದು ಬೇಡ, ಎಷ್ಟು ಟನ್ ಮುಟ್ಟಿತು, ಎಷ್ಟು ದಿನಕ್ಕೆ ಮುಟ್ಟಿತು, ಯಾವುದು ಬಳಕೆಯಾಗದೆ ಉಳಿಯಿತು ಎಂಬುದಷ್ಟೇ. ಅದನ್ನು ಬರೆಯುವಾಗ ಅಧಿಕಾರಿಗಳ ಜೊತೆ ಹವಾಲ್ದಾರರನ್ನೂ ಸುಬೇದಾರರನ್ನೂ ಕೂರಿಸಿಕೊಳ್ಳಿ. ಸಾಗಣೆಯ ಪಟ್ಟಿಯಲ್ಲಿ 40 ಎಂದಿರುವುದು ಗೋದಾಮಿನಲ್ಲಿ 31 ಯಾಕಾಯಿತು ಎಂಬುದು ಅವರಿಗೆ ಗೊತ್ತಿರುತ್ತದೆ. ಲೆಬನಾನಿನ ಸಾಮಾನಿನ ಎಣಿಕೆ ಶುರುವಾಗಿದೆಯೇ ಎಂಬ ಒಂದು ಪ್ರಶ್ನೆಗಾದರೂ ತಮ್ಮ ಕಚೇರಿಯಿಂದ ಉತ್ತರ ಬಂದರೆ ಸಂತೋಷ. ಇಂಗ್ಲಿಷ್, ಹಿಂದಿ ಯಾವುದರಲ್ಲಿ ಬಂದರೂ ಆದೀತು. ಮಳೆಗಾಲಕ್ಕೆ ಮುಂಚೆ ಹೊರಟರೆ ಒಳ್ಳೆಯದು, ಆಮೇಲೆ ನಮ್ಮ ಕಡೆ ಅಂಚೆಯವನು ಬರುವುದು ರಸ್ತೆಯನ್ನು ನೋಡಿಕೊಂಡು.

ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಸುಬೇದಾರ್, ಆರ್ಮಿ ಸರ್ವಿಸ್ ಕೋರ್
ಮಡಿಕೇರಿ ತಾಲೂಕು, ಕೊಡಗು